ಶೀವಾಪ್ಲಗ್: 6.6 ಕರ್ನಲ್ ಹಾಕಿದ್ಮೇಲೆ ಬೂಟೇ ಆಗ್ತಿಲ್ಲ

ಪ್ಲಗ್‌ರಾಯ:
ನನ್ನ ಶೀವಾಪ್ಲಗ್ (ಗೋಡೆ ಪ್ಲಗ್ಗಿನ ಆಕಾರದ ಪುಟ್ಟ ಲಿನಕ್ಸ್ ಕಂಪ್ಯೂಟರ್) ಇಷ್ಟು ವರ್ಷ ತಂಟೆತಕರಾರಿಲ್ಲದೆ ಓಡ್ತಿತ್ತು. ಡೆಬಿಯನ್‌ನ ಹಳೇ 3.2 ಕರ್ನಲ್ (ಲಿನಕ್ಸಿನ ತಿರುಳು) ಬಿಟ್ಟು 6.6 ಹಾಕಿದೆ, ಈಗ ಸತ್ತ ಹಾಗೆ ಬಿದ್ದಿದೆ. ಕಂಪೈಲ್‌ನಲ್ಲಿ ಒಂದು ಎರರೂ ಇಲ್ಲ. ಎಲ್ಲಾ ಸರಿಯಾಗೇ ಮಾಡಿದೀನಿ. ತಲೆ ಕೆಟ್ಟುಹೋಗಿದೆ, ಯಾರಾದ್ರೂ ಬೇಗ ಹೇಳಿ.

ಸೀರಿಯಲ್_ಶೆಟ್ಟಿ:
ಸತ್ತಿದೆ ಅಂದ್ರೆ ಎಲ್ಲಿ ಸತ್ತಿದೆ ಮಾರಾಯ್ರೇ? ಯುಎಸ್‌ಬಿ ಕನ್ಸೋಲ್ (ಬೂಟ್ ಸಂದೇಶ ತೋರಿಸೋ ಕಿಂಡಿ) ವೇಗ 115200ಕ್ಕೆ ಇಟ್ಟು ಕೊನೇ ಸಾಲು ಹಾಕಿ.

ಪ್ಲಗ್‌ರಾಯ:
"ಅನ್‌ಕಂಪ್ರೆಸಿಂಗ್ ಲಿನಕ್ಸ್... ಡನ್, ಬೂಟಿಂಗ್ ದ ಕರ್ನಲ್." ಅಷ್ಟೇ.

ಹಳೇಕಬ್ಬಿಣ:
ನೂರಕ್ಕೆ ನೂರು ಆರ್ಕ್‌ನಂಬರ್ (ಇದು ಯಾವ ಬೋರ್ಡು ಅಂತ ಕರ್ನಲ್‌ಗೆ ಹೇಳೋ ನಂಬರ್) ತಪ್ಪಿದೆ. ಯು-ಬೂಟ್‌ನಲ್ಲಿ (ಕರ್ನಲ್ ಲೋಡ್ ಮಾಡೋ ಪ್ರೋಗ್ರಾಂ) ಅದನ್ನ 2097 ಮಾಡಿ, ಮೇನ್‌ಲೈನ್‌ಲಿನಕ್ಸ್ ಯೆಸ್ ಮಾಡಿ, ಸೇವ್‌ಎನ್ವಿ ಕೊಟ್ಟು ಉಳಿಸಿ, ರೀಸೆಟ್.

ಪ್ಲಗ್‌ರಾಯ:
ಮೊದಲಿಂದ್ಲೂ 2097 ಇದೆ.

ಹಳೇಕಬ್ಬಿಣ:
ಇನ್ನೊಂದ್ಸಲ ಹಾಕಿ. ಆಗದಿದ್ರೆ ಯು-ಬೂಟನ್ನೇ ಹೊಸದಾಗಿ ಫ್ಲ್ಯಾಶ್ ಮಾಡಿ.

ಸೀರಿಯಲ್_ಶೆಟ್ಟಿ:
ಸ್ವಾಮಿ, ನಂಬರ್ ತಪ್ಪಿದ್ರೆ 3.2 ಹೇಗೆ ಓಡ್ತಿತ್ತು? ಯು-ಬೂಟ್ ಮುಟ್ಟಲೇಬೇಡಿ. ಅರ್ಧದಲ್ಲಿ ಕರೆಂಟ್ ಹೋದ್ರೆ ಜೆಟ್ಯಾಗ್ (ಸತ್ತ ಬೋರ್ಡಿಗೆ ನೇರವಾಗಿ ಬರೆಯೋ ದಾರಿ) ಹಿಡ್ಕೊಂಡು ಕೂರಬೇಕಾಗುತ್ತೆ.

ಪೈಪ್ರಿಯ:
512 ಎಂಬಿ ರ‍್ಯಾಮಿನ ಡಬ್ಬಕ್ಕೆ ಇಷ್ಟು ಒದ್ದಾಟ ಯಾಕೆ? ಒಂದು ರಾಸ್ಪ್‌ಬೆರಿ ಪೈ ತಗೊಳ್ಳಿ, ಆಯ್ತು.

ಹಳೇಕಬ್ಬಿಣ:
ಡಬ್ಬ ಅನ್ಬೇಡಿ. ನಮ್ಮನೇಲಿ ಇಟಾನಿಯಂ (ಇಂಟೆಲ್‌ನ ಹಳೇ ಪ್ರೊಸೆಸರ್) ಸರ್ವರ್ ಇದೆ. 6.7 ಕರ್ನಲ್‌ನಲ್ಲಿ ಅದರ ಐಎ64 ಬೆಂಬಲ ಪೂರ್ತಿ ಕಿತ್ತಾಕಿದ್ರು, ಆದ್ರೂ 6.6ರಲ್ಲಿ ಓಡಿಸ್ತಾನೇ ಇದೀನಿ.

ಪೈಪ್ರಿಯ:
ಕರೆಂಟ್ ಬಿಲ್ ಫೋಟೋ ಹಾಕಿ ನೋಡೋಣ 😄

ಸೀರಿಯಲ್_ಶೆಟ್ಟಿ:
ಜಗಳ ಬೇರೆ ಕಡೆ ಇಟ್ಕೊಳ್ಳಿ. ರಾಯರೇ, ಯುಇಮೇಜ್ (ಯು-ಬೂಟ್ ಓದೋ ಕರ್ನಲ್ ಫೈಲ್) ಹೇಗೆ ಮಾಡಿದ್ರಿ?

ಪ್ಲಗ್‌ರಾಯ:
ಎಲ್ಲರ ಹಾಗೇ, ಮೇಕ್ ಯುಇಮೇಜ್. ಅದನ್ನೂ ಹೇಳ್ಬೇಕಾ?

ಸೀರಿಯಲ್_ಶೆಟ್ಟಿ:
ಅದನ್ನೇ ಮೊದಲು ಹೇಳ್ಬೇಕಿತ್ತು. ಕಿರ್ಕ್‌ವುಡ್‌ನ (ಶೀವಾಪ್ಲಗ್ ಒಳಗಿನ ಮಾರ್ವೆಲ್ ಚಿಪ್) ಹಳೇ ಬೋರ್ಡ್ ಫೈಲುಗಳನ್ನ 2014ರಲ್ಲೇ ತೆಗೆದುಹಾಕಿದ್ರು. 2097 ಅಂದ್ರೆ ಯಾವ ಬೋರ್ಡು ಅಂತ ಈಗಿನ ಕರ್ನಲ್‌ಗೆ ಗೊತ್ತೇ ಇಲ್ಲ, ಡಿವೈಸ್ ಟ್ರೀ (ಬೋರ್ಡಲ್ಲಿ ಏನೇನಿದೆ ಅನ್ನೋ ಪಟ್ಟಿ, ಅದರ ಫೈಲೇ ಡಿಟಿಬಿ) ಕೊಡಲೇಬೇಕು. ನಿಮ್ಮ ಹಳೇ ಯು-ಬೂಟ್‌ಗೆ ಡಿಟಿಬಿ ಬೇರೆಯಾಗಿ ಕೊಡಕ್ಕೆ ಬರಲ್ಲ. ಅದಕ್ಕೆ ಝಡ್‌ಇಮೇಜ್ (ಕುಗ್ಗಿಸಿದ ಕರ್ನಲ್ ಫೈಲ್) ಬಾಲಕ್ಕೆ ಕಿರ್ಕ್‌ವುಡ್-ಶೀವಾಪ್ಲಗ್ ಡಿಟಿಬಿನ ಕ್ಯಾಟ್ ಮಾಡಿ ಅಂಟಿಸಿ, ಆ ಜೋಡಿ ಫೈಲಿಗೆ ಎಂಕೆಇಮೇಜ್ ಓಡಿಸಿ ಯುಇಮೇಜ್ ಮಾಡಿ. ಕಾನ್ಫಿಗ್‌ನಲ್ಲಿ ಅಪೆಂಡೆಡ್ ಡಿಟಿಬಿ ಆನ್ ಇರಬೇಕು, ಇಲ್ಲಾಂದ್ರೆ ಅಂಟಿಸಿದ್ದೂ ದಂಡ.

ಪ್ಲಗ್‌ರಾಯ:
ಕರ್ನಲ್ ಸೋರ್ಸಿನ ಡಿಟಿಎಸ್ ಫೋಲ್ಡರಲ್ಲಿ ಆ ಫೈಲೇ ಇಲ್ವಲ್ಲ!

ಸೀರಿಯಲ್_ಶೆಟ್ಟಿ:
6.5ರಿಂದ ಕಂಪನಿ ಹೆಸರಿನ ಫೋಲ್ಡರುಗಳಿಗೆ ಹಂಚಿದಾರೆ. ಒಳಗೆ ಮಾರ್ವೆಲ್ ನೋಡಿ. ಅಲ್ಲೂ ಇಲ್ಲ ಅಂದ್ರೆ ಮೇಕ್ ಡಿಟಿಬಿಎಸ್ ಮಾಡಿಲ್ಲ ಅಂತ ಅರ್ಥ.

ಪ್ಲಗ್‌ರಾಯ:
ಅಂಟಿಸಿ ಬೂಟ್ ಮಾಡಿದೆ, ಕನ್ಸೋಲ್ ತುಂಬ ಸಾಲು ಸುರೀತಿದೆ!! ಆದ್ರೆ ಕೊನೇಲಿ ರೂಟ್ (ಸಿಸ್ಟಂ ಫೈಲುಗಳಿರೋ ಜಾಗ) ಸಿಗ್ತಿಲ್ಲ ಅಂತ ಪ್ಯಾನಿಕ್ ಆಗಿ ನಿಲ್ತಿದೆ.

ಸೀರಿಯಲ್_ಶೆಟ್ಟಿ:
ರೂಟ್ ಎಲ್ಲಿದೆ? ಎಸ್‌ಡಿ ಕಾರ್ಡಾ, ಯುಎಸ್‌ಬಿನಾ? ಬೂಟ್‌ಆರ್ಗ್ಸ್‌ನಲ್ಲಿ (ಕರ್ನಲ್‌ಗೆ ಕೊಡೋ ಆಯ್ಕೆಗಳು) ರೂಟ್‌ವೇಟ್, ಅಂದ್ರೆ ರೂಟ್ ಸಿಗೋವರೆಗೂ ಕಾಯಿ ಅನ್ನೋದು, ಹಾಕಿದೀರಾ?