78 ವರ್ಷದ ಅವ್ವನಿಗೆ ಸೊಂಟದ ಹತ್ತಿರ ಎಲುಬು ಮುರಿದಿದೆ, ಆಪರೇಷನ್ ಮಾಡಿಸಬೇಕಾ?

ಶಹಾಪುರದವ:
ಅವ್ವ ನಿನ್ನೆ ಬಚ್ಚಲಲ್ಲಿ ಒದ್ದೆ ಫರ್ಸಿ ಮೇಲೆ ಜಾರಿ ಬಿದ್ದಳು. ಬಲಗಾಲು ಗಿಡ್ಡ ಆದಂತೆ ಕಾಣುತ್ತೆ, ಪಾದ ಹೊರಗಡೆ ತಿರುಗಿದೆ. ಎಕ್ಸ್‌ರೇ ನೋಡಿ ತೊಡೆ ಎಲುಬಿನ ಕತ್ತು ಮುರಿದು ಜರುಗಿದೆ, ಕಲಬುರಗಿಗೆ ಕರೆದುಕೊಂಡು ಹೋಗಿ ಅಂದರು. ಬಿಪಿ, ಶುಗರ್ ಎರಡೂ ಇದೆ. ಕಾಕಾ ಈ ವಯಸ್ಸಲ್ಲಿ ಕೊಯ್ಯೋದು ಬೇಡ, ನಾಟಿ ಕಟ್ಟು ಹಾಕಿಸಿ ಮೂರು ತಿಂಗಳು ಮಲಗಿಸೋಣ ಅಂತಿದ್ದಾರೆ. ಏನು ಮಾಡಲಿ?

ಆರ್ಥೋ ವಾರ್ಡ್ ನರ್ಸ್, ಕಲಬುರಗಿ:
ಇವತ್ತೇ ಹೊರಡಿ. ತೊಡೆ ಎಲುಬಿನ ಮೇಲ್ತುದಿಯ ಗುಂಡು ಭಾಗಕ್ಕೆ ರಕ್ತ ಹೋಗೋದು ಹೆಚ್ಚಾಗಿ ಆ ಕತ್ತಿನ ಮೂಲಕವೇ, ಮುರಿದು ಜರುಗಿದರೆ ಆ ರಕ್ತ ಎಷ್ಟೋ ಸಲ ನಿಂತುಹೋಗುತ್ತೆ, ಹಾಗಾಗಿ ಯಾವ ಕಟ್ಟಿಗೂ ಅದು ಕೂಡೋದು ಕಷ್ಟ. ಈ ವಯಸ್ಸಲ್ಲಿ ಸಾಮಾನ್ಯವಾಗಿ ಗುಂಡು ತೆಗೆದು ಲೋಹದ್ದು ಕೂರಿಸುತ್ತಾರೆ. ಕತ್ತಿನ ಕೆಳಗೆ ಮುರಿದಿದ್ದರೆ ರಾಡು, ಸ್ಕ್ರೂ ಹಾಕುತ್ತಾರೆ. ವಯಸ್ಸಾಯ್ತು ಅಂತ ಮಲಗಿಸೋದೇ ದೊಡ್ಡ ಅಪಾಯ: ನ್ಯುಮೋನಿಯಾ, ಬೆನ್ನ ಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೇದು. ಬಿಪಿ, ಶುಗರ್ ಇದ್ದರೂ ಮಾಡುತ್ತಾರೆ, ಎಷ್ಟೋ ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿ. ನುಂಗೋ ಮಾತ್ರೆಗಳನ್ನೆಲ್ಲ ಜೊತೆಗೆ ತನ್ನಿ, ರಕ್ತ ತೆಳು ಮಾಡೋ ಮಾತ್ರೆ ಇದ್ದರೆ ಮೊದಲೇ ಹೇಳಿ.

ಬೀದರ್ ಮೊಮ್ಮಗಳು:
ನಮ್ಮ ಅಜ್ಜಿಗೂ ಇದೇ ಆಗಿತ್ತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು, ನಾವೆಲ್ಲ ಅತ್ತೇ ಬಿಟ್ಟೆವು, ಅಜ್ಜಿ ಮಾತ್ರ ಹಲ್ಲು ಕಚ್ಚಿ ನಿಂತಳು. ಆದರೆ ಎರಡು ರಾತ್ರಿ ಯಾರ್‍ಯಾರನ್ನೋ ಕರೆಯೋದು, ಸೂಜಿ ಕಿತ್ತು ಹಾಕೋದು ಮಾಡಿದಳು. ಹುಚ್ಚಲ್ಲ ಅದು, ವಯಸ್ಸಾದವರಿಗೆ ಇಂಥ ಹೊತ್ತಲ್ಲಿ ಆಗುತ್ತೆ, ಡಾಕ್ಟರಿಗೆ ತಿಳಿಸಿ. ಗುರುತಿನವರು ಒಬ್ಬರು ಪಕ್ಕದಲ್ಲೇ ಇರಿ, ಕನ್ನಡಕ ಮರೀಬೇಡಿ.

ಸೇಡಂ ಮಾಸ್ತರ:
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನ ಮೊದಲೇ ಕೇಳಿ, ಆಧಾರ್ ಒಯ್ಯಿರಿ. ಕಾಕಾಗೆ ಒಂದು ಮಾತು ನೇರ ಹೇಳಿ: ಆಪರೇಷನ್ ಆದರೂ ಈ ಪೆಟ್ಟು ಬಿದ್ದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಮಲಗಿಸಿಟ್ಟರೆ ಇನ್ನೂ ಜಾಸ್ತಿ. ಗುಣವಾದ ಮೇಲೂ ಸುಮ್ನೆ ಬಿಡಬೇಡಿ. ನಿಂತ ಎತ್ತರದಿಂದ ಬಿದ್ದು ಮುರಿದಿದೆ ಅಂದರೆ ಎಲುಬು ಟೊಳ್ಳಾಗಿದೆ ಅಂತ ಅರ್ಥ, ಅದಕ್ಕೂ ಔಷಧಿ ಇದೆ, ಕೇಳಿ ಬರೆಸಿಕೊಳ್ಳಿ.

ಶಹಾಪುರದವ:
ಕಾಕಾ ಒಪ್ಪಿದರು. ಜೀಪಲ್ಲಿ ಕೂರಿಸಿಕೊಂಡು ಹೋಗಬಹುದಾ?

ಆರ್ಥೋ ವಾರ್ಡ್ ನರ್ಸ್, ಕಲಬುರಗಿ:
ಬೇಡ, ಕೂರಿಸಬೇಡಿ. 108ಕ್ಕೆ ಫೋನ್ ಮಾಡಿ, ಮಲಗಿಸಿಯೇ ಕರೆದುಕೊಂಡು ಬನ್ನಿ. ಎರಡು ಕಾಲಿನ ನಡುವೆ ದಿಂಬಿಡಿ, ಕಾಲನ್ನ ಎಳೆದು ನೆಟ್ಟಗೆ ಮಾಡೋಕೆ ಯಾರನ್ನೂ ಬಿಡಬೇಡಿ.