‘ನರ’ ಅಂದ್ರೆ ಯಾವ್ದು? ರಕ್ತದ್ದೋ, ಸಿಗ್ನಲ್‌ದೋ?

ಒಂದೇ ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ, ಅದರ ಬಾಲ ಹಿಡ್ಕೊಂಡು ಇನ್ನೂ ನಾಲ್ಕೈದು ಬಂದ್ವು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ. ಪದ ‘ನರ’. ಲ್ಯಾಬಲ್ಲಿ ರಕ್ತ ತಗೊಳ್ಳೋ ಹುಡುಗಿ ‘ನರ ಸಿಗ್ತಾ ಇಲ್ಲ ಅಂಕಲ್, ಮುಷ್ಟಿ ಬಿಗಿ ಹಿಡೀರಿ’ ಅಂತಾಳಲ್ಲ, ಅಲ್ಲಿ ನರ ಅಂದ್ರೆ ರಕ್ತ ಹರಿಯೋ ಕೊಳವೆ. ಅಜ್ಜಿ ‘ಕಾಲೆಲ್ಲ ಜೋಮು ಹಿಡಿದಂಗಿದೆ, ನರದ ವೀಕ್ನೆಸ್ಸು’ ಅಂದ್ರೆ ಅದು ಮಿದುಳಿಗೆ ಸುದ್ದಿ ಒಯ್ಯೋ ನರ. ಜಿಮ್ಮಿಂದ ಕುಂಟ್ಕೊಂಡು ಬಂದ ಹುಡುಗ ‘ಮಂಡಿ ಹಿಂದೆ ನರ ಎಳ್ಕೊಂಡ್ಬಿಡ್ತು’ ಅಂದ್ರೆ ಅದು ಎರಡೂ ಅಲ್ಲ, ಮಾಂಸಖಂಡನ ಮೂಳೆಗೆ ಕಟ್ಟಿರೋ ಹುರಿ. ಮೂರಕ್ಕೂ ಒಂದೇ ಪದ, ಮಾತಾಡೋರಿಗೆ ಏನೂ ತೊಂದ್ರೆ ಇಲ್ಲ, ತೊಂದ್ರೆ ಬರೆಯೋರಿಗೆ. ರೋಗಿಗಳಿಗೆ ಕೊಡೋ ಒಂದು ಸಣ್ಣ ಪುಸ್ತಿಕೆಯ ಕನ್ನಡ ತಿದ್ದೋ ಕೆಲಸ ನನ್ ಹತ್ರ ಬಂದಿದೆ, ಅದರಲ್ಲಿ ರಕ್ತನಾಳ, ನರ, ಕಪಾಲ ನರ (ಮಿದುಳಿಂದ ನೇರ ಹೊರಡೋ ನರಗಳು) ಎಲ್ಲಾ ಒಂದೇ ಅಧ್ಯಾಯದಲ್ಲಿ ಬರುತ್ತೆ, ಅಲ್ಲೇ ಸಿಕ್ಕಾಕೊಂಡಿರೋದು.

ಎಷ್ಟು ಸಿಕ್ಕು ಅಂತ ನೋಡ್ಬೇಕಾದ್ರೆ ನಿಮ್ಮ ಮೊಣಕೈ ಒಳಮಡಿಕೆನೇ ನೋಡಿ. ಅಂಗೈ ಮೇಲೆ ಮಾಡಿ, ಕೈ ಸ್ವಲ್ಪ ಮಡಚಿ ಬಿಗಿ ಮಾಡಿದ್ರೆ ಮಧ್ಯದಲ್ಲಿ ಹಗ್ಗದ ಥರ ಒಂದು ಎದ್ದು ನಿಲ್ಲುತ್ತೆ, ಅದು ಬೈಸೆಪ್ಸ್ ಮಾಂಸಖಂಡದ ಹುರಿ. ಅದರ ಪಕ್ಕ, ಕಿರುಬೆರಳಿನ ಕಡೆಗೆ, ಬೆರಳಿಟ್ಟು ಒತ್ತಿದ್ರೆ ದಡ್ ದಡ್ ಅನ್ನುತ್ತಲ್ಲ, ಅದು ತೋಳಿನ ಅಪಧಮನಿ (ಹೃದಯದಿಂದ ರಕ್ತ ತರೋ ಕೊಳವೆ), ಬಿಪಿ ನೋಡುವಾಗ ಡಾಕ್ಟ್ರು ಸ್ಟೆತಾಸ್ಕೋಪ್ ಇಡೋದು ಅದರ ಮೇಲೆ. ಅದಕ್ಕೂ ಒಳಪಕ್ಕಕ್ಕೆ ಮೀಡಿಯನ್ ನರ, ನಿಜವಾದ ನರ, ಅಂಗೈಗೂ ಹೆಬ್ಬೆರಳಿಗೂ ಹೋಗೋದು. ಇನ್ನು ಈ ಮೂರರ ಮೇಲೆ, ಚರ್ಮದ ಕೆಳಗೇ ನೀಲಿಯಾಗಿ ಕಾಣೋದು ಅಭಿಧಮನಿ (ರಕ್ತನ ಹೃದಯಕ್ಕೆ ವಾಪಸ್ ಒಯ್ಯೋ ಕೊಳವೆ), ಸೂಜಿ ಚುಚ್ಚೋದು ಇದಕ್ಕೆ, ಇದಕ್ಕೂ ಕೆಳಗಿನ ಅಪಧಮನಿಗೂ ನಡುವೆ ಇರೋದು ತೆಳು ಪಟ್ಟಿಯಂಥ ಒಂದು ಪೊರೆ ಅಷ್ಟೇ. ಎರಡು ಮೂರು ಬೆರಳಗಲ ಜಾಗದಲ್ಲಿ ನಾಲ್ಕು ಬೇರೆ ಬೇರೆ ವಸ್ತು, ನಾಲ್ಕೂ ನಮ್ಮ ಬಾಯಲ್ಲಿ ನರ! ಸೂಜಿ ಅಪ್ಪಿತಪ್ಪಿ ಆಳಕ್ಕೆ ಹೋಗಿ ನಿಜವಾದ ನರಕ್ಕೆ ತಾಗಿದ್ರೆ ಬೆರಳ ತುದಿ ತನಕ ಶಾಕ್ ಹೊಡೆದಂಗಾಗುತ್ತೆ, ಆಗ ರೋಗಿ ‘ನರಕ್ಕೆ ಚುಚ್ಬಿಟ್ರಿ’ ಅಂತ ಕಿರುಚಿದ್ರೆ, ನರ್ಸು ‘ನರಕ್ಕೇ ತಾನೇ ಚುಚ್ಬೇಕಾಗಿದ್ದು’ ಅನ್ನಬಹುದು, ಇಬ್ರೂ ಸರಿ.

ಇದನ್ನ ನೋಡಿ ‘ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ, ಕನ್ನಡದಲ್ಲಿ ಪದ ಇಲ್ಲ’ ಅನ್ನೋರು ಇದಾರೆ, ಅವರ ಮಾತು ನಾನು ಒಪ್ಪಲ್ಲ. ನರಕೋಶಕ್ಕೆ ಇಂಗ್ಲಿಷಲ್ಲಿ ಹೇಳೋ ನ್ಯೂರಾನ್ ಅನ್ನೋ ಪದ ಬಂದಿರೋ ಗ್ರೀಕ್ ಮೂಲಕ್ಕೆ ಮೊದಲ ಅರ್ಥ ಹುರಿ, ಬಿಲ್ಲಿನ ಹೆದೆ. ಲ್ಯಾಟಿನ್ನಿನ ನರ್ವಸ್ಸೂ ಅಷ್ಟೇ, ಹುರಿ, ಹೆದೆ, ವಾದ್ಯದ ತಂತಿ ಎಲ್ಲಾ ಅದೇ. ಕ್ರಿ.ಪೂ. 300ರ ಆಸುಪಾಸಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಅನ್ನೋ ಗ್ರೀಕ್ ವೈದ್ಯ ಹೆಣ ಕೊಯ್ದು ನೋಡಿ ‘ಇದು ಬೇರೆ, ಅದು ಬೇರೆ’ ಅಂತ ಬಿಡಿಸಿ ಹೇಳೋ ತನಕ ಅಲ್ಲೂ ಎಲ್ಲಾ ಕಲಸುಮೇಲೋಗರವೇ. ನಮ್ಮ ನರ ತಮಿಳಿನ ನರಂಬು, ತೆಲುಗಿನ ನರಮು ಇವುಗಳ ಅಕ್ಕತಂಗಿ, ಮನುಷ್ಯ ಅನ್ನೋ ಸಂಸ್ಕೃತದ ನರನಿಗೂ ಇದಕ್ಕೂ ಸಂಬಂಧ ಇಲ್ಲ, ಹಳೇ ತಮಿಳಲ್ಲಿ ನರಂಬು ಅಂದ್ರೆ ಯಾಳ್ ವಾದ್ಯದ ತಂತಿ ಕೂಡ. ಅಂದ್ರೆ ಅಲ್ಲೂ ಇಲ್ಲೂ ಜನ ಕಣ್ಣಿಗೆ ಕಂಡಿದ್ದನ್ನ, ಮೈಯೊಳಗೆ ಉದ್ದಕ್ಕೆ ಎಳೆಯಾಗಿ ಹೋಗಿರೋ ಎಲ್ಲವನ್ನೂ, ಒಂದೇ ಹೆಸರಲ್ಲಿ ಕರೆದ್ರು. ಕೊಯ್ದು ನೋಡಿದ ಮೇಲೆ ಅರ್ಥ ಕಿರಿದಾಯ್ತು ಅಷ್ಟೇ.

ಸಂಸ್ಕೃತದ ಪದ ತಂದ್ರೆ ಎಲ್ಲಾ ಖಚಿತ ಆಗುತ್ತೆ ಅನ್ನೋ ನಂಬಿಕೆನೂ ಪೂರ್ತಿ ನಿಲ್ಲಲ್ಲ. ಸ್ನಾಯು ತಗೊಳ್ಳಿ. ಸುಶ್ರುತ ಸಂಹಿತೆಯಲ್ಲಿ ಸ್ನಾಯು ಅಂದ್ರೆ ಕಟ್ಟೋ ಹುರಿ, 900 ಇವೆ ಅಂತ ಲೆಕ್ಕ. ಕನ್ನಡದಲ್ಲಿ, ಮರಾಠಿಯಲ್ಲಿ ಅದು ಮಾಂಸಖಂಡ ಆಗೋಯ್ತು, ಬಂಗಾಳಿಯಲ್ಲಿ ಅದೇ ಪದ ನರ! ನಾಡಿನೂ ಹಂಗೇ, ನಮಗೆ ನಾಡಿ ಅಂದ್ರೆ ಮಣಿಕಟ್ಟಲ್ಲಿ ಹಿಡಿದು ನೋಡೋ ಮಿಡಿತ, ಮಲಯಾಳಂನೋರಿಗೆ ನಾಡಿ ಅಂದ್ರೆ ನರ, ತೆಲುಗಲ್ಲಿ ನಾಡೀ ವ್ಯವಸ್ಥೆ ಅಂದ್ರೆ ನರಮಂಡಲ. ಮಡಿವಾಳದ ಕಡೆ ಪಿಜಿಯಲ್ಲಿರೋ ಮಲಯಾಳಿ ನರ್ಸು ಕನ್ನಡ ಕಲಿಯುವಾಗ ಈ ಒಂದು ಪದದಲ್ಲಿ ಎಷ್ಟು ಸಲ ಎಡವ್ಬೇಕು ಯೋಚ್ನೆ ಮಾಡಿ. ರಾಜ್ಯೋತ್ಸವದ ಭಾಷಣಕಾರರಿಗೆ ಮಾತ್ರ ಚಿಂತೆ ಇಲ್ಲ, ‘ನರನಾಡಿಗಳಲ್ಲಿ ಕನ್ನಡ ಹರೀತಿದೆ’ ಅಂತ ಎರಡನ್ನೂ ಸೇರಿಸಿ ಹೊಡೆದು ಚಪ್ಪಾಳೆ ಗಿಟ್ಟಿಸ್ತಾರೆ.

ಈಗ ಅಪಧಮನಿ, ಅಭಿಧಮನಿ ವಿಚಾರ. ಶಾಲೆ ಪುಸ್ತಕದಲ್ಲಿ ಓದಿದೋರಿಗೆಲ್ಲ ಗೊತ್ತು, ಪರೀಕ್ಷೆ ಹಿಂದಿನ ರಾತ್ರಿ ಯಾವುದು ಯಾವುದು ಅಂತ ಅದಲು ಬದಲು ಆಗೋ ಜೋಡಿ. ಸಂಸ್ಕೃತ ಬಲ್ಲೋರಿಗೆ ಇದು ಚಂದದ ಜೋಡಿನೇ, ಅಪ ಅಂದ್ರೆ ದೂರಕ್ಕೆ, ಅಭಿ ಅಂದ್ರೆ ಕಡೆಗೆ, ಹೃದಯದಿಂದ ಆಚೆ ಒಯ್ಯೋದು ಅಪಧಮನಿ, ಹೃದಯದ ಕಡೆಗೆ ತರೋದು ಅಭಿಧಮನಿ. ಆದ್ರೆ ಕನ್ನಡದ ಕಿವಿಗೆ ಅಪ ಅಂದ್ರೆ ಅಪಘಾತ, ಅಪಹರಣ, ಅಪಕೀರ್ತಿ, ಏನೋ ಕೆಟ್ಟದ್ದು. ಹಂಗಾಗಿ ಅಪಧಮನಿಯಲ್ಲಿ ಕೆಟ್ಟ ರಕ್ತ ಹರಿಯುತ್ತೆ ಅಂತ ಅಂದ್ಕೊಂಡ್ಬಿಡ್ತಾರೆ, ಅದು ತಿರುಗುಮುರುಗು. ಹಳಬರು ಶುದ್ಧರಕ್ತನಾಳ, ಮಲಿನರಕ್ತನಾಳ ಅಂತ ಬರೀತಿದ್ರು, ಅದೂ ಪೂರ್ತಿ ಸರಿ ಅಲ್ಲ, ಯಾಕಂದ್ರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ಅಪಧಮನಿಯಲ್ಲಿ ಆಕ್ಸಿಜನ್ ಕಮ್ಮಿ ಇರೋ ರಕ್ತ, ಅಲ್ಲಿಂದ ವಾಪಸ್ ಬರೋ ಅಭಿಧಮನಿಯಲ್ಲಿ ಆಕ್ಸಿಜನ್ ತುಂಬಿದ ರಕ್ತ. ದಿಕ್ಕು ಮುಖ್ಯ, ಬಣ್ಣ ಅಲ್ಲ. ತೆಲುಗು ಮಲಯಾಳಂನೋರು ಧಮನಿ, ಸಿರ ಅಂತ ಇಟ್ಕೊಂಡು ಆರಾಮಾಗಿದಾರೆ, ಕಿವಿಗೂ ಬೇರೆ ಬೇರೆ ಕೇಳ್ಸುತ್ತೆ, ನಾವ್ಯಾಕೆ ಒಂದೇ ಪದಕ್ಕೆ ಎರಡು ಟೋಪಿ ಹಾಕಿ ಒದ್ದಾಡ್ತಿದೀವೋ.

ಧಮನಿ ಪದದಲ್ಲೇ ಇನ್ನೊಂದು ಸ್ವಾರಸ್ಯ ಇದೆ. ಧಮ್ ಧಾತುವಿಗೆ ಅರ್ಥ ಊದು, ಧಮನಿ ಅಂದ್ರೆ ಮೊದ್ಲು ಊದುಕೊಳವೆ. ಆರ್ಟರಿ ಬಂದಿರೋ ಗ್ರೀಕ್ ಪದ ಕೂಡ ಮೊದ್ಲು ಗಾಳಿಕೊಳವೆಗೇ ಇದ್ದ ಹೆಸರು. ಗ್ರೀಕರ ಕಡೆ ಕಾರಣ ಗೊತ್ತಿರೋದೇ, ಸತ್ತ ಮೇಲೆ ಅಪಧಮನಿಗಳು ಬಹುಪಾಲು ಖಾಲಿ ಆಗಿರ್ತವೆ, ರಕ್ತ ಎಲ್ಲಾ ಅಭಿಧಮನಿಗಳ ಕಡೆ ಸೇರ್ಕೊಂಡಿರುತ್ತೆ, ಹೆಣ ಕೊಯ್ದೋರು ಇದರಲ್ಲಿ ಗಾಳಿ ಓಡಾಡುತ್ತೆ ಅಂದ್ಕೊಂಡ್ರು. ಇಲ್ಲ, ಇದರಲ್ಲೂ ರಕ್ತನೇ ಅಂತ ತೋರಿಸಿದ್ದು ರೋಮನ್ ಕಾಲದ ವೈದ್ಯ ಗೇಲನ್. ಆ ರಕ್ತ ಸುತ್ತು ಹೊಡೆಯುತ್ತೆ ಅಂತ ಸಾಧಿಸಿದ್ದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, 1628ರಲ್ಲಿ, ಅವನು ತೋರಿಸಿದ ಪ್ರಯೋಗಗಳಲ್ಲಿ ಒಂದು ಇವತ್ತೂ ಪ್ರತಿ ಲ್ಯಾಬಲ್ಲಿ ನಡೆಯುತ್ತೆ: ತೋಳಿಗೆ ಪಟ್ಟಿ ಕಟ್ಟೋದು. ಹದವಾಗಿ ಕಟ್ಟಿದ್ರೆ ಆಳದಲ್ಲಿರೋ, ಒತ್ತಡ ಜಾಸ್ತಿ ಇರೋ ಅಪಧಮನಿಯಲ್ಲಿ ರಕ್ತ ಬರ್ತಾನೇ ಇರುತ್ತೆ, ಮೇಲ್ಗಡೆ ಅಭಿಧಮನಿಯಲ್ಲಿ ವಾಪಸ್ ಹೋಗೋಕೆ ದಾರಿ ಸಿಗಲ್ಲ, ಅದಕ್ಕೇ ಉಬ್ಬೋದು. ಅಲ್ಲಲ್ಲಿ ಗಂಟಿನ ಥರ ಕಾಣೋದು ಒಳಗಿನ ಕವಾಟ. ಹಾರ್ವೆಗೆ ಕಾಣದೇ ಉಳಿದಿದ್ದು ಎರಡನ್ನೂ ಸೇರಿಸೋ ಲೋಮನಾಳ, ಅದನ್ನ 1661ರಲ್ಲಿ ಇಟಲಿಯ ಮಾಲ್ಪಿಘಿ ಕಪ್ಪೆ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕ ಇಟ್ಟು ಕಂಡ. ಲೋಮನಾಳ ಪದ ಒಳ್ಳೇದು, ಲೋಮ ಅಂದ್ರೆ ಕೂದಲು, ಆದ್ರೆ ಕೂದಲಿಗಿಂತ ಎಷ್ಟೋ ಸಣ್ಣದು ಅದು, ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ನುಸುಳ್ಕೊಂಡು ಹೋಗೋವಷ್ಟು.

ನರದೊಳಗೆ ಓಡೋದಕ್ಕೆ ಏನು ಹೇಳೋದು ಅನ್ನೋದು ಮುಂದಿನ ತಲೆನೋವು. ಪಠ್ಯದಲ್ಲಿ ನರಾವೇಗ. ಭೌತಶಾಸ್ತ್ರದಲ್ಲೂ ಆವೇಗ ಅಂತ ಒಂದಿದೆ, ಮಾಮೂಲಿ ಮಾತಲ್ಲಿ ಆವೇಗ ಅಂದ್ರೆ ಭಾವನೆ ಉಕ್ಕೋದು, ರೋಗಿ ಯಾವ ಅರ್ಥ ಹಿಡೀಬೇಕು? ಕರೆಂಟ್ ಅಂತ ಬರೆದ್ರೆ ಎಲ್ರಿಗೂ ತಿಳಿಯುತ್ತೆ, ಆದ್ರೆ ತಂತಿಯಲ್ಲಿ ಹರಿಯೋ ಕರೆಂಟಿಗೂ ಇದಕ್ಕೂ ವ್ಯತ್ಯಾಸ ಬಹಳ. ನರತಂತುವಿನ ಪೊರೆಯ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ ಇರುತ್ತೆ, ಪ್ರಚೋದನೆ ಸಿಕ್ಕಾಗ ಪೊರೆಯ ಬಾಗಿಲು ತೆಗೆದು ಸೋಡಿಯಂ ಒಳಗೆ ನುಗ್ಗುತ್ತೆ, ಆಮೇಲೆ ಪೊಟಾಸಿಯಂ ಹೊರಗೆ ಹೋಗಿ ಮೊದಲಿನ ಸ್ಥಿತಿಗೆ ತರುತ್ತೆ, ಅಷ್ಟರಲ್ಲಿ ಪಕ್ಕದ ತುಂಡಲ್ಲಿ ಇದೇ ಶುರು ಆಗಿರುತ್ತೆ. ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರತಂತು ಇಟ್ಕೊಂಡು ಹಾಡ್ಜ್‌ಕಿನ್, ಹಕ್ಸ್‌ಲಿ ಇದರ ಲೆಕ್ಕಾಚಾರನ 1952ರಲ್ಲಿ ಕೊಟ್ರು, 1963ರಲ್ಲಿ ನೊಬೆಲ್ ಬಂತು. ವೇಗನೂ ತಂತಿಯ ವೇಗ ಅಲ್ಲ, ಮಯಲಿನ್ ಅನ್ನೋ ಕೊಬ್ಬಿನಂಥ ಹೊದಿಕೆ ಇರೋ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟಬಹುದು, ಮಂದ ನೋವು ಒಯ್ಯೋ ಹೊದಿಕೆ ಇಲ್ಲದ ತಂತುಗಳಲ್ಲಿ ಒಂದೆರಡು ಮೀಟರ್ರೂ ಹೆಚ್ಚೇ. ಕಾಲ್ಬೆರಳು ಮಂಚದ ಕಾಲಿಗೆ ಬಡಿದಾಗ ತಾಗಿದ್ದು ತಕ್ಷಣ ಗೊತ್ತಾಗಿ, ಒಂದು ಗಳಿಗೆ ಬಿಟ್ಟು ‘ಅಯ್ಯಪ್ಪಾ’ ಅನ್ನೋ ನೋವು ಬರೋದು ಇದಕ್ಕೇ.

ನನಗೆ ಸಿಗ್ನಲ್ ಅಂತಲೇ ಬರೆಯೋ ಮನಸ್ಸು. ಬೆಂಗಳೂರಲ್ಲಿ ಸಿಗ್ನಲ್ ಅಂದ್ರೆ ನಿಂತ್ಕೊಳೋ ಜಾಗ, ಓಡೋದಲ್ಲ, ಸಿಲ್ಕ್ ಬೋರ್ಡಲ್ಲಿ ನಿಂತೋರನ್ನ ಕೇಳಿ, ಆದ್ರೂ ಮೊಬೈಲ್ ದೆಸೆಯಿಂದ ‘ಸಿಗ್ನಲ್ ಬರ್ತಿಲ್ಲ’ ಅಂತ ಹಳ್ಳಿ ಅಜ್ಜಂಗೂ ಬಾಯಿಗೆ ಬರುತ್ತೆ. ಸಂಕೇತ ಆಗಬಹುದಾ? ಸಂಕೇತ ಅಂದ್ರೆ ಗುರುತು ಅನ್ನೋ ಅರ್ಥನೇ ಮುಂದೆ ಬರುತ್ತೆ ನನಗೆ.

ಕಪಾಲ ನರಕ್ಕೆ ಬಂದ್ರೆ ಹೆಸರಲ್ಲೇ ಮುಗ್ಗರಿಸ್ತೀವಿ. ತಲೆಬುರುಡೆ ಅನ್ನೋ ಕಪಾಲ ಜನಕ್ಕೆ ಗೊತ್ತಿಲ್ಲ, ಗೊತ್ತಿರೋದು ಕೆನ್ನೆ ಅನ್ನೋ ಕಪಾಳ, ಅದೂ ಕಪಾಳಮೋಕ್ಷದಿಂದ. ಮಿದುಳಿನ ನರ ಅಂದ್ರೆ ಇನ್ನೂ ಅಪಾಯ, ‘ಮಿದುಳಲ್ಲಿ ನರ ಒಡೆದೋಯ್ತು’ ಅಂದ್ರೆ ರಕ್ತನಾಳ ಒಡೆದು ಸ್ಟ್ರೋಕ್ ಆಗಿದೆ ಅಂತಲೇ ಅರ್ಥ. ಬುರುಡೆ ನರ ಅಂತ ಬರೆದ್ರೆ ‘ಬುರುಡೆ ಬಿಡೋ ನರ ಎಲ್ಲಿದೆ’ ಅಂತ ಕೇಳ್ತಾರೆ. ಇರೋದು 12 ಜೊತೆ, ಗೇಲನ್ ಏಳು ಅಂದಿದ್ದ, ಈಗಿನ 12ರ ಎಣಿಕೆ ಜರ್ಮನಿಯ ಸೋಮರಿಂಗ್‌ದು, 1778ರಲ್ಲಿ. ಕೆಲವಕ್ಕೆ ಕನ್ನಡ ತಾನಾಗೇ ಬರುತ್ತೆ, ವಾಸನೆ ನರ, ನೋಟದ ನರ, ಮುಖದ ನರ. ನಾಲ್ಕನೇದು ಟ್ರೋಕ್ಲಿಯರ್, ರಾಟೆ ಅಂತ ಅರ್ಥ, ಅದು ನಡೆಸೋ ಕಣ್ಣಿನ ಮಾಂಸಖಂಡದ ಹುರಿ ನಿಜವಾಗ್ಲೂ ಒಂದು ಸಣ್ಣ ಬಳೆಯೊಳಗೆ ತೂರಿ, ಬಾವಿ ಹಗ್ಗ ರಾಟೆ ಮೇಲೆ ತಿರುಗೋ ಹಾಗೆ ತಿರುಗುತ್ತೆ. ರಾಟೆನರ ಅಂದ್ಬಿಡೋಣ, ಅಡ್ಡಿಯಿಲ್ಲ.

ಹತ್ತನೇದು ಮಜಾ. ವೇಗಸ್ ಅಂತ ಕನ್ನಡದಲ್ಲಿ ಬರೆದ ಕೂಡ್ಲೇ ಓದೋರು ಅದರಲ್ಲಿ ವೇಗ ನೋಡ್ತಾರೆ, ಅದರ ಕೆಲಸ ನೋಡಿದ್ರೆ ಹೃದಯದ ವೇಗನ ತಗ್ಗಿಸೋದು! ಲ್ಯಾಟಿನ್ನಲ್ಲಿ ಅರ್ಥ ಅಲೆಮಾರಿ, ತಲೆಯಿಂದ ಹೊರಟು ಗಂಟಲು, ಎದೆ, ಹೊಟ್ಟೆ ತನಕ ಸುತ್ತಾಡುತ್ತೆ. ಅದರ ಎಡಗಡೆಯ ಒಂದು ಕವಲು ಎದೆಗಿಳಿದು, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಮಹಾಪಧಮನಿಯ ಬಿಲ್ಲಿನಂಥ ತಿರುವನ್ನ ಬಳಸಿ, ಮತ್ತೆ ಮೇಲೆ ಹತ್ತಿ ಧ್ವನಿಪೆಟ್ಟಿಗೆ ಸೇರುತ್ತೆ, ಆ ರಕ್ತನಾಳ ಊದಿದ್ರೆ ದನಿ ಒಡೆಯೋದೂ ಉಂಟು. ಒಟ್ಟೋ ಲೋವಿ ಅನ್ನೋ ವಿಜ್ಞಾನಿ 1921ರಲ್ಲಿ ಒಂದು ಕಪ್ಪೆಯ ಹೃದಯದ ವೇಗಸ್ ನರನ ಕೆರಳಿಸಿ, ಅದರ ಸುತ್ತ ಇದ್ದ ದ್ರವ ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದ, ಅದೂ ನಿಧಾನ ಆಯ್ತು. ನರಕ್ಕೆ ರಾಸಾಯನಿಕದ ಮೂಲಕನೂ ಹೇಳಿ ಕಳ್ಸೋಕೆ ಬರುತ್ತೆ ಅಂತ ಅವತ್ತು ಗೊತ್ತಾಯ್ತು. ಇಂಥ ನರಕ್ಕೆ ಅಲೆಮಾರಿ ನರ ಅಂದ್ರೆ ಚಂದ, ಆದ್ರೆ ರಿಪೋರ್ಟಲ್ಲಿ ವೇಗಸ್ ಅಂತಿದ್ರೆ ರೋಗಿಗೆ ಅದೇ ಇದು ಅಂತ ಹೆಂಗೆ ತಿಳಿಯುತ್ತೆ? ಎರಡೂ ಬರೀಬೇಕೇನೋ.

ಇಷ್ಟೆಲ್ಲ ತಲೆ ಕೆಡಿಸ್ಕೊಳೋದು ಯಾಕಂದ್ರೆ, ಕಾಲಲ್ಲಿ ನರ ಗಂಟು ಕಟ್ಟಿದೆ ಅಂತ ‘ನರದ ಡಾಕ್ಟ್ರು’ ಹತ್ರ ಹೋಗಿ ಟೋಕನ್ ತಗೊಂಡು ಅರ್ಧ ದಿನ ಕೂರೋರು ಇದಾರೆ, ಅವರಿಗೆ ಬೇಕಾಗಿರೋದು ರಕ್ತನಾಳದ ಡಾಕ್ಟ್ರು. ಹಂಗೇ ಬಾಯಿ ಸೊಟ್ಟಗಾದ್ರೆ ಎಲ್ಲವೂ ‘ಲಕ್ವ’. ಏಳನೇ ನರಕ್ಕೇ, ಅಂದ್ರೆ ಮುಖದ ನರಕ್ಕೇ ಪೆಟ್ಟಾಗಿದ್ರೆ ಆ ಕಡೆ ಹಣೆನೂ ಸುಕ್ಕುಗಟ್ಟಿಸೋಕಾಗಲ್ಲ, ಮಿದುಳಿನ ಸ್ಟ್ರೋಕಲ್ಲಿ ಸಾಮಾನ್ಯವಾಗಿ ಹಣೆ ಉಳ್ಕೊಳ್ಳುತ್ತೆ. ಹಾಗಂತ ಮನೇಲೇ ಹಣೆ ನೋಡ್ಕೊಂಡು ತೀರ್ಮಾನ ಮಾಡೋದು ಬೇಡ, ಬಾಯಿ ಸೊಟ್ಟ ಆದ್ರೆ ತಡ ಮಾಡ್ದೆ ಆಸ್ಪತ್ರೆಗೆ ಓಡಬೇಕು, ಅದನ್ನ ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲೇ ಹಾಕ್ತೀವಿ.

ಸದ್ಯಕ್ಕೆ ನಾನು ಮಾಡಿರೋದು ಹೀಗೆ: ನರ ಪದನ ಸಿಗ್ನಲ್ ಒಯ್ಯೋದಕ್ಕೆ ಮಾತ್ರ ಇಟ್ಕೊಂಡು, ಮೊದಲ ಸಲ ಬಂದಾಗ ‘ರಕ್ತ ತಗೊಳ್ಳುವಾಗ ನಾವು ನರ ಅನ್ನೋದು ರಕ್ತನಾಳ, ಇದು ಅದಲ್ಲ’ ಅಂತ ಒಂದು ಸಾಲು ಸೇರಿಸಿದೀನಿ. ಹುರಿಗೆ ಹುರಿ ಅಂತಲೇ. ಅಪಧಮನಿಗೆ ‘ಮಿಡಿನಾಳ’ ಅಂತ ಕಟ್ಟಬಹುದಾ ಅಂತ ಯೋಚ್ನೆ, ಯಾಕಂದ್ರೆ ಮಿಡಿಯೋದು ಅದೊಂದೇ, ಕುಯ್ದ್ರೆ ಕೆಂಪು ರಕ್ತ ಮಿಡಿತಕ್ಕೆ ಸರಿಯಾಗಿ ಚಿಮ್ಮೋದೂ ಅದೇ, ಅಭಿಧಮನಿಯಿಂದ ಕಪ್ಪುಗೆಂಪು ರಕ್ತ ಸುಮ್ನೆ ಹರಿಯುತ್ತೆ. ಮಿಡಿ ಅಂದ್ರೆ ಉಪ್ಪಿನಕಾಯಿ ಅಂತ ಮಲೆನಾಡಿನೋರು ನಗಬಹುದು, ನಗಲಿ. ಅಭಿಧಮನಿಗೆ ಜೋಡಿ ಪದ ಹೊಳೀತಿಲ್ಲ, ‘ಮರುನಾಳ’ ಅಂದ್ರೆ ತೀರಾ ಪೈಪ್ ಅಂಗಡಿ ಪದದ ಥರ ಕೇಳ್ಸುತ್ತೆ, ಸಿರೆನೇ ಇಟ್ಕೊಳೋಣ್ವಾ? ಧಾರವಾಡ, ಕಲಬುರಗಿ, ಕುಂದಾಪ್ರದ ಕಡೆಯೋರು ರಕ್ತ ತೆಗೆಯೋ ಜಾಗಕ್ಕೆ ಏನಂತೀರಿ, ಅಲ್ಲೂ ನರನೇನಾ, ಇಲ್ಲಾ ಬೇರೆ ಪದ ಇದ್ಯಾ? ಹಳ್ಳಿ ಕಡೆ ನಾಟಿವೈದ್ಯರ ಬಾಯಲ್ಲಿ ಮಿಡಿಯೋದಕ್ಕೂ ಮಿಡಿಯದೇ ಇರೋದಕ್ಕೂ ಬೇರೆ ಬೇರೆ ಹೆಸರು ಕೇಳಿದೋರು ಇದ್ರೆ ದಯವಿಟ್ಟು ಹೇಳಿ, ಪುಸ್ತಿಕೆ ಪ್ರೆಸ್ಸಿಗೆ ಹೋಗೋಕೆ ಇನ್ನೂ ಟೈಮಿದೆ.