ವಾಲ್ವ್ ರೇಡಿಯೋ: ಸ್ವಲ್ಪ ಹೊತ್ತು ಚೆನ್ನಾಗಿ ಹಾಡಿ ಆಮೇಲೆ ಸೌಂಡ್ ಒಡೆಯುತ್ತೆ, ಇಎಲ್84 ಕೆಂಪಗಾಗ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಾವನ ಮನೆ ಅಟ್ಟದಿಂದ ಒಂದು ಐದು ವಾಲ್ವಿನ (ಟ್ರಾನ್ಸಿಸ್ಟರ್ ಬರೋ ಮೊದಲಿದ್ದ ಗಾಜಿನ ಟ್ಯೂಬು) ರೇಡಿಯೋ ಇಳಿಸ್ಕೊಂಡು ಬಂದಿದೀನಿ, ಟ್ರಾನ್ಸ್‌ಫಾರ್ಮರ್ ಇರೋ ಎಸಿ ಸೆಟ್ಟು, ಒಳಗೆ ಇಸಿಹೆಚ್81, ಇಎಫ್89, ಇಬಿಸಿ81, ಇಎಲ್84 (ಸ್ಪೀಕರ್ ಓಡಿಸೋ ಔಟ್‌ಪುಟ್ ವಾಲ್ವ್), ಇಝಡ್80. ಮೊದಲು ಗುಂಯ್ ಅಂತ ಹಮ್ಮಿಂಗ್ ಇತ್ತು, ಎರಡೂ ಫಿಲ್ಟರ್ ಕಂಡೆನ್ಸರ್ ಹೊಸದು ಹಾಕಿದ್ಮೇಲೆ ಅದು ಹೋಯ್ತು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಬರುತ್ತೆ, ಶುರುನಲ್ಲಿ ಪರವಾಗಿಲ್ಲ, ಆದ್ರೆ ಬರ್ತಾ ಬರ್ತಾ ಸೌಂಡು ಒಡೆದು ಗೊರಗೊರ ಅನ್ನುತ್ತೆ, ಟ್ರಾನ್ಸ್‌ಫಾರ್ಮರ್ ಮುಟ್ಟಕ್ಕಾಗಲ್ಲ ಅಷ್ಟು ಬಿಸಿ, ಲೈಟ್ ಆರಿಸಿ ನೋಡಿದ್ರೆ ಇಎಲ್84 ಒಳಗಿನ ಪ್ಲೇಟು ಮಬ್ಬಾಗಿ ಕೆಂಪು. ವಾಲ್ವ್ ಹೋಗಿದೆ ಅನ್ಸುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್ ಈಗ್ಲೂ ಸಿಗುತ್ತಾ?

ಉತ್ತರ

ವಾಲ್ವ್ ಹುಡುಕೋದು ಆಮೇಲೆ, ಮೊದಲು ಸೆಟ್ ಆಫ್ ಮಾಡಿ ಸಾರ್. ಪ್ಲೇಟ್ ಕೆಂಪಗಾಗೋಕೆ ಬಿಟ್ರೆ ವಾಲ್ವ್ ಜೊತೆ ಟ್ರಾನ್ಸ್‌ಫಾರ್ಮರ್ರೂ ಹೋಗುತ್ತೆ, ವಾಲ್ವ್ ಎಲ್ಲಾದ್ರೂ ಸಿಕ್ಕೀತು, ರಿವೈಂಡಿಂಗ್ ಮಾಡೋರು ಸಿಗಲ್ಲ. ಇನ್ಮೇಲೆ ಯಾವಾಗ ಆನ್ ಮಾಡಿದ್ರೂ 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಲ್ಲೇ (ಸೆಟ್ಟಿಗೆ ಹೋಗೋ ಕರೆಂಟು ಬಲ್ಬಿನ ಮೂಲಕ ಹೋಗೋ ಹಾಗೆ ಮಾಡಿರೋ ಬೋರ್ಡು) ಮಾಡಿ, ರೀಡಿಂಗ್ ತಗೊಳೋಕೆ ಮಾತ್ರ ಡೈರೆಕ್ಟ್ ಕೊಡಿ, ಅದೂ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಮೀಟರ್ ಕಪ್ಪು ವೈರು ಚಾಸಿಸ್‌ಗೆ ಕ್ರೊಕೊಡೈಲ್ ಕ್ಲಿಪ್ಪಲ್ಲಿ ಹಾಕಿ, ಒಂದು ಕೈ ಜೇಬಲ್ಲಿರಲಿ. ಇಎಲ್84 ಬೇಸಲ್ಲಿ 2, 3, 7, 9 ಈ ನಾಲ್ಕು ಪಿನ್ನಿನ ಡಿಸಿ ವೋಲ್ಟೇಜ್ ಹೇಳಿ. 2 ಅಂದ್ರೆ ಗ್ರಿಡ್, ಅಲ್ಲಿ ಸೊನ್ನೆ ಇರಬೇಕು. 3 ಕ್ಯಾಥೋಡ್, ಅಲ್ಲಿ 7 ವೋಲ್ಟ್ ಆಸುಪಾಸು. 7 ಪ್ಲೇಟು, 9 ಸ್ಕ್ರೀನು. ಹಾಗೇ ಹಿಂದುಗಡೆ ವೋಲ್ಟೇಜ್ ಸೆಲೆಕ್ಟರ್ ಎಷ್ಟರಲ್ಲಿದೆ ನೋಡಿ.

ಪ್ರಶ್ನೆ ಕೇಳಿದವರು

2ನೇ ಪಿನ್ 5 ವೋಲ್ಟ್, ಬಿಸಿಯಾದ ಹಾಗೆ ಇನ್ನೂ ಏರ್ತಿದೆ. 3ನೇದು 10.5. 7ರಲ್ಲಿ 218, 9ರಲ್ಲಿ 225. ಕ್ಯಾಥೋಡ್ ರೆಸಿಸ್ಟರ್ 135 ಓಮ್, ಅಳತೆ ಸರಿಯಾಗೇ ಇದೆ. ಸೆಲೆಕ್ಟರ್ 220ರಲ್ಲಿತ್ತು, ನಮ್ಮನೇಲಿ 238 ಬರುತ್ತೆ. ಇಬಿಸಿ81 ಇಂದ ಇಎಲ್84 ಗ್ರಿಡ್‌ಗೆ ಸೌಂಡ್ ದಾಟಿಸೋ ಕಪ್ಲಿಂಗ್ ಕಂಡೆನ್ಸರ್ ಮೇಲೆ ಡೌಟ್ ಬಂದು ಮಲ್ಟಿಮೀಟರಲ್ಲಿ ಚೆಕ್ ಮಾಡ್ದೆ, ಬರೆದಿರೋದು 0.01 ಮೈಕ್ರೋ, ತೋರಿಸಿದ್ದು 0.014, ಜಾಸ್ತಿನೇ ಇದೆ ಅಂದ್ರೆ ಅದು ಓಕೆ ತಾನೆ?

ಉತ್ತರ

ಅಲ್ಲೇ ಇರೋದು ವಿಷಯ. ಲೀಕ್ ಆಗಿರೋ ಪೇಪರ್ ಕಂಡೆನ್ಸರ್ ಮೀಟರಲ್ಲಿ ಜಾಸ್ತಿನೇ ತೋರಿಸುತ್ತೆ, ಕಮ್ಮಿ ಅಲ್ಲ. ಮೀಟರ್ ಕೊಡೋದು ಒಂದೆರಡು ವೋಲ್ಟು, ಸೆಟ್ಟಲ್ಲಿ ಅದರ ಒಂದು ಕಾಲಿಗೆ ಇಬಿಸಿ81 ಪ್ಲೇಟಿಂದ 90ರ ಹತ್ರ ಬರ್ತಿರುತ್ತೆ, ಲೀಕ್ ಗೊತ್ತಾಗೋದು ಆಗ. ಅದು ಸೋರಿ ಗ್ರಿಡ್‌ಗೆ ಬಂದ್ರೆ ವಾಲ್ವಲ್ಲಿ ಕರೆಂಟ್ ಏರುತ್ತೆ. ಲೆಕ್ಕ ಹಾಕಿ ನೋಡಿ, 10.5ನ್ನ 135ರಿಂದ ಭಾಗಿಸಿದ್ರೆ 78 ಮಿಲಿಆಂಪ್, ಡೇಟಾಶೀಟ್ ಪ್ರಕಾರ ಪ್ಲೇಟು ಸ್ಕ್ರೀನು ಎರಡೂ ಸೇರಿ 54ರ ಹತ್ರ ಇರಬೇಕು. 12 ವ್ಯಾಟಿನ ಪ್ಲೇಟ್ ಮೇಲೆ 15 ವ್ಯಾಟ್ ಬಿದ್ರೆ ಕೆಂಪಗಾಗದೆ ಇನ್ನೇನಾಗುತ್ತೆ. ಸೆಲೆಕ್ಟರ್ 245ಕ್ಕೆ ಹಾಕ್ಬಿಡಿ, ಈಗಿನ ಕರೆಂಟಿಗೆ 220 ಸರಿಹೋಗಲ್ಲ.

ಇನ್ನೊಬ್ಬರು

ಕಂಡೆನ್ಸರೇ ಅಂತ ಈಗ್ಲೇ ಹೇಳಕ್ಕಾಗಲ್ಲ ಅಣ್ಣ, ವಾಲ್ವ್ ಒಳಗಿನ ನಿರ್ವಾತ ಕೆಟ್ಟು ಗ್ಯಾಸ್ ಇದ್ರೂ ಗ್ರಿಡ್ ಹೀಗೇ ಪಾಸಿಟಿವ್ ಹೋಗುತ್ತೆ, ಬಿಸಿಯಾದ ಹಾಗೆ ಏರೋದು ಎರಡರಲ್ಲೂ ಉಂಟು. ಫಿಲ್ಟರ್ ಕಂಡೆನ್ಸರ್ ಪೂರ್ತಿ ಡಿಸ್ಚಾರ್ಜ್ ಮಾಡಿ, ಕಪ್ಲಿಂಗ್ ಕಂಡೆನ್ಸರಿನ ಗ್ರಿಡ್ ಕಡೆ ಕಾಲು ಬಿಚ್ಚಿ, ಆಮೇಲೆ 2ನೇ ಪಿನ್ ನೋಡಲಿ. ಸೊನ್ನೆಗೆ ಬಂದ್ರೆ ಕಂಡೆನ್ಸರು. ಬರದೆ ಏರ್ತಾನೇ ಇದ್ರೆ ಆಗ ಹೋಗಲಿ ಎಸ್.ಪಿ. ರೋಡಿಗೆ.

ಪ್ರಶ್ನೆ ಕೇಳಿದವರು

ಕಾಲು ಬಿಚ್ಚಿದ ತಕ್ಷಣ 2ರಲ್ಲಿ 0.02! ವಾಲ್ವ್ ಬಚಾವ್. 0.01 ಮೈಕ್ರೋ 630 ವೋಲ್ಟಿನ ಪಾಲಿಯೆಸ್ಟರ್ ಹಾಕ್ದೆ, 3ನೇ ಪಿನ್ 7.1ಕ್ಕೆ ಬಂತು, ಮಧ್ಯಾಹ್ನ ಪೂರ್ತಿ ಓಡ್ಸಿದ್ರೂ ಕೆಂಪಿಲ್ಲ, ಸೌಂಡು ಅಂತೂ ಸಕತ್ತಾಗಿದೆ. ಸಂಜೆ ಆದ್ಮೇಲೆ ಧಾರವಾಡ 765ಊ ಸಿಕ್ತು. ಒಂದೇ ಒಂದು, ಡಯಲಲ್ಲಿ ಎರಡೂ ಸ್ಟೇಷನ್ನು ಅದರ ಜಾಗದಿಂದ ಅರ್ಧ ಬೆರಳಷ್ಟು ಬಲಕ್ಕೆ ಬರ್ತಿವೆ, ಐಎಫ್‌ಟಿ (ಐಎಫ್ ಟ್ರಾನ್ಸ್‌ಫಾರ್ಮರ್, ಟ್ಯೂನಿಂಗ್ ಕಾಯಿಲ್) ಕೋರು ಸ್ವಲ್ಪ ತಿರುಗಿಸ್ಲಾ?

ಉತ್ತರ

ದಮ್ಮಯ್ಯ ಬೇಡ! ಐಎಫ್‌ಟಿ ತಿರುಗಿಸಿದ್ರೆ ಸ್ಟೇಷನ್ ಜಾಗಕ್ಕೆ ಬರಲ್ಲ, ಇರೋ ಸೌಂಡೂ ಕಮ್ಮಿಯಾಗುತ್ತೆ, ಹಳೇ ಕೋರು ಸ್ಕ್ರೂಡ್ರೈವರ್ ಹಾಕಿದ್ರೆ ಪುಡಿಯಾಗುತ್ತೆ. ಎರಡೂ ಒಂದೇ ಕಡೆಗೆ ಒಂದೇ ಅಳತೆ ಸರಿದಿವೆ ಅಂದ್ರೆ ಡಯಲ್ ದಾರದ ಮೇಲೆ ಮುಳ್ಳು ಜಾರಿರುತ್ತೆ ಅಷ್ಟೆ. 612 ಹಿಡಿದಿಟ್ಟು ಮುಳ್ಳನ್ನ ಕೈಯಲ್ಲೇ ಸರಿಸಿ, 765 ತಾನೇ ಕೂರುತ್ತೆ. ಚಾಸಿಸ್ ಹೊರಗಿರೋವಾಗ್ಲೇ ಇಎಲ್84 ಪ್ಲೇಟಿಗೆ ಹಾಕಿರೋ ಟೋನ್ ಕಂಡೆನ್ಸರೂ ಬದಲಾಯಿಸ್ಬಿಡಿ, ಅದು ಶಾರ್ಟ್ ಆದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತೆ, ಅಲ್ಲಿಗೆ 630 ಸಾಲಲ್ಲ, 1000 ವೋಲ್ಟಿಗಿಂತ ಮೇಲಿಂದೇ ಹಾಕಿ.